ಮನೆ ಸಂಖ್ಯೆ ಇಪ್ಪತ್ತೇಳು

ನಮ್ಮ ಕಾಲೇಜಿನ ಗಂಟೆ ಒಂದು ತುಂಡು ಹಳಿ.
ಅರಸೀಕೆರೆ ಯಾರ್ಡಿನಲ್ಲಿ ಮೀಟರ್‌ಗೇಜು ಕಿತ್ತಾಗ
ಯಾರೋ ತಂದು ಹೊಂಗೆ ಮರಕ್ಕೆ ನೇತುಹಾಕಿದ್ದು.
ಅಪ್ಪ ಸುತ್ತಿಗೆ ಬಡಿದ ಕಬ್ಬಿಣಕ್ಕೇ
ಮಗನೂ ಬಡಿಯುತ್ತಾನೆ, ಗಂಟೆಗೊಂದು ಸಲ;
ಸರ್ಕಾರ ಇದನ್ನು ಅಟೆಂಡರ್ ಕೆಲಸ ಎನ್ನುತ್ತದೆ.

ಶಿವಗಂಗಾ ಮೇಡಂ ಪ್ರಿನ್ಸಿಪಾಲರಾಗಿ ಬಂದ ಮೊದಲ ದಿನವೇ
ಕೇಳಿದ್ದು: ನೀರಿನ ಫಿಲ್ಟರ್ ಯಾರ ಕೊಠಡಿ ಪಕ್ಕ ಇದೆ?
ಸಮಾಜಶಾಸ್ತ್ರದವರಲ್ಲವೆ, ನಲ್ಲಿ ಕಂಡರೆ ಸಾಕು,
ಸರದಿಯಲ್ಲಿ ಯಾರು ಮುಂದೆ, ಯಾರು ಹಿಂದೆ, ಕಣ್ಣು ಅಲ್ಲಿಗೇ.
ಊಟದ ಹೊತ್ತು ಕಿಟಕಿಯಲ್ಲಿ ನಿಂತು
ಯಾವ ಡಬ್ಬಿ ಯಾವ ಡಬ್ಬಿಯ ಜೊತೆ ತೆರೆಯಿತೆಂದು
ಒಂದು ತಿಂಗಳು ನೋಡಿದರು. ಬರೆದುಕೊಳ್ಳಲಿಲ್ಲ.
ಬರೆಯಲು ಬಿಡುವೆಲ್ಲಿ? ಟಿ.ಸಿ., ವಿದ್ಯಾರ್ಥಿವೇತನ,
ಬಾಣಾವರದ ಬಸ್ಸು ನಿಲ್ಲಿಸಲಿಲ್ಲವೆಂದು ಗೇಟಿಗೆ ಬೀಗ ಜಡಿದ ಹುಡುಗರು,
ಹುಡುಗಿಯರ ಶೌಚಾಲಯಕ್ಕೆ ನಾಳೆ ಬರುತ್ತೇನೆಂದ ಪ್ಲಂಬರು.
ಜಾತಿಯ ಕಾಲಂ ಖಾಲಿ ಬಿಟ್ಟವನೊಬ್ಬನನ್ನು ಕರೆಸಿ
'ನಾನೂ ನಿನ್ನ ವಯಸ್ಸಲ್ಲಿ ಬಿಟ್ಟಿದ್ದೆ' ಅಂದರು.
ತುಸು ಸುಮ್ಮನಿದ್ದು, 'ದುಡ್ಡು ಬರಬೇಕಲ್ಲ, ಬರಿ.'
ಒಮ್ಮೆ ಫೈಲುಗಳ ನಡುವಿನಿಂದ ತಲೆಯೆತ್ತಿ ನನಗೇ:
'ಆಗ ಪ್ರಶ್ನೆ ಕೇಳಿದರೆ ಸಾಕಿತ್ತು ಕಣಪ್ಪ,
ಈಗ ಸಂಜೆಯೊಳಗೆ ಉತ್ತರ ಕೊಡಬೇಕು.'

ನ್ಯಾಕ್ ತಂಡ ಬರುತ್ತದೆಂದು ಲೈಬ್ರರಿ ಕೊಡವುವಾಗ
ಸಿಕ್ಕಿತು ಅವರ ಮಹಾಪ್ರಬಂಧ,
ಕಪ್ಪು ರಟ್ಟು, ಬಂಗಾರದ ಅಕ್ಷರ ಅರ್ಧ ಉದುರಿ:
ಗ್ಯಾಂಗ್‌ಮನ್ನರ ವಸತಿಗಳಲ್ಲಿ ನೀರು ಮತ್ತು ನೆರೆ.
ನೂರಾ ಹನ್ನೆರಡನೇ ಪುಟದಲ್ಲಿ ಅಮ್ಮ ಇದ್ದಳು.

ಹೆಸರಿರಲಿಲ್ಲ. ಮನೆ ಸಂಖ್ಯೆ ಇಪ್ಪತ್ತೇಳು.
'ಗೃಹಿಣಿ. ಅನಕ್ಷರಸ್ಥೆ. ಮನೆಮಾತು ತಮಿಳು. ಮಕ್ಕಳು ನಾಲ್ಕು.
ಸಂಶೋಧಕಿಗೆ ಚಹಾ ನೀಡಲು ಹಿಂಜರಿದರು.
ಶ್ರೇಣಿಯ ಭಯ ಒಳಗೇ ಬೇರೂರಿರುವುದಕ್ಕೆ ಇದು ನಿದರ್ಶನ.'

ಅಲ್ಲ ಮೇಡಂ.
ನನಗಾಗ ಒಂಬತ್ತು. ಬಾಗಿಲ ಹಿಂದೆ ನಿಂತಿದ್ದೆ.
ನಿಮ್ಮ ಹೆಗಲಲ್ಲಿ ಸೆಣಬಿನ ಚೀಲ, ಕಿತ್ತ ಚಪ್ಪಲಿಗೆ ಪಿನ್ನು.
ಸಕ್ಕರೆ ಇರಲಿಲ್ಲ, ಅಷ್ಟೆ.
ಸಂಬಳಕ್ಕಿನ್ನೂ ಆರು ದಿನ. ಅಮ್ಮ ಹಿತ್ತಿಲಿಂದ ನನ್ನನ್ನು
ಪಾಯಿಂಟ್ಸ್‌ಮನ್ ದಸ್ತಗೀರ್ ಸಾಬರ ಮನೆಗೆ ಓಡಿಸಿದಳು.
ನಾನು ಲೋಟ ಹಿಡಿದು ದಾರಿಯಲ್ಲಿ
ಗೂಡ್ಸಿನ ಬೋಗಿ ಎಣಿಸುತ್ತಾ ನಿಂತೆ.
ನಿಮ್ಮ ನಿದರ್ಶನ ನಲವತ್ತೆರಡು ಬೋಗಿ ಉದ್ದ ಇತ್ತು.

ಇಷ್ಟನ್ನೂ ಹೇಳಿದೆ, ಒಂದು ಶನಿವಾರ,
ಎಲ್ಲ ಹೋದ ಮೇಲೆ, ಹೊಸ್ತಿಲಲ್ಲೇ ನಿಂತು.
ಕನ್ನಡಕ ತೆಗೆದರು. 'ನಲ್ಲಿಯಿಂದ ಮೂರನೆಯದು,' ಅಂದರು,
'ನೀಲಿ ಬಾಗಿಲು.'
ಹಸಿರು, ಅಂದೆ.
'ಚಹಾ ತಡವಾಗಿ ಬಂತು. ಕುಡಿದೆ. ಅದನ್ನು ಬರೆದಿದ್ದೀನಾ?'
ಇಲ್ಲ, ಅಂದೆ.
ಆಮೇಲೆ ಅಮ್ಮನ ಹೆಸರು ಕೇಳಿದರು.
ಅಂಜಲೈ.
ಪ್ರಶ್ನಾವಳಿಯಲ್ಲಿ ಆ ಪ್ರಶ್ನೆ ಇರಲಿಲ್ಲವಂತೆ.

ಪುಸ್ತಕ ಅವರ ಚೀಲದಲ್ಲಿ ಹೋಯಿತು.
ಮೊನ್ನೆ ಲೈಬ್ರರಿ ತಪಾಸಣೆ. ರಿಜಿಸ್ಟರಿನಲ್ಲಿ ಎರಡೇ ಕಾಲಂ:
ಇದೆ. ಇಲ್ಲ.
ಲೈಬ್ರರಿಯನ್ ರಜೆ, ಪೆನ್ನು ನನ್ನ ಕೈಲಿ.
ಸ್ವಲ್ಪ ಹಿಂಜರಿದೆ;
ಯಾಕೆಂದು ಯಾರಾದರೂ ನೋಡಿ ಬರೆದುಕೊಂಡರೆ
ತಪ್ಪೇ ಬರೆದಾರು.
ಮೂರಾಗಿತ್ತು, ಹೋಗಿ ಹಳಿ ಬಡಿಯಬೇಕಿತ್ತು.