ನಾಲ್ಕು ಬೆರಳಿನ ದಾರಿ

ಮೂವತ್ತೆಂಟು ವರ್ಷ ಲ್ಯಾಟಿನ್ ಕಲಿಸಿದವಳು ನಾನು.
ಈಗ ಒಂದೇ ಒಂದು ಪದಕ್ಕಾಗಿ ಕೆಸರು ತುಳಿಯುತ್ತಿದ್ದೇನೆ.
ನವೆಂಬರ್, ನಸುಕಿನ ನಾಲ್ಕು ಗಂಟೆ,
ತಾನಾರೊ ನದಿಯಿಂದೆದ್ದ ಮಂಜು, ಓಕ್ ಮರಗಳ ಇಳಿಜಾರು;
ಮುಂದೆ ಸೆಕೊಂಡೀನೊ, ಅವನಿಗೂ ಮುಂದೆ ಬೀರ್ಬಾ,
ಒಂದು ಕಿವಿ ಹರಿದ ಹೆಣ್ಣುನಾಯಿ.

ನಿನ್ನೆ ಪುರಸಭೆಯವರು ಅವನಿಗೊಂದು ಫಲಕ ಕೊಟ್ಟರು,
ಐವತ್ತು ವರ್ಷ ಟ್ರಫಲ್ ಅಗೆದದ್ದಕ್ಕೆ.
ಹೆಸರಿನ ಕೆಳಗೆ ಒಂದು ಪದ: ಸಗಾಚೆ.
"ಮೇಡಂ, ಹೊಗಳಿದ್ದಾರೋ, ಬೈದಿದ್ದಾರೋ?"
ಚುರುಕಾಗಿ ತೂಗಿ ನೋಡುವವನು ಅಂತ, ಎಂದೆ.
ತಡೆಯಲಾಗದೆ ಉಳಿದದ್ದನ್ನೂ ಹೇಳಿದೆ:
ರೋಮಿನವರ ಬಾಯಲ್ಲಿ ಅದು ಬೇಟೆನಾಯಿಯ ಪದ.
ಮೂಗಿಗೆ ಸಂದದ್ದು ಮೆಲ್ಲಗೆ ಹಣೆಗೆ ಹತ್ತಿತು.
ನಾಲ್ಕು ಬೆರಳಿನ ದಾರಿ,
ಎಷ್ಟು ತಲೆಮಾರು ಹಿಡಿಯಿತೋ.

ಅವನು ನಕ್ಕ ರಭಸಕ್ಕೆ ವೈನ್ ಚೆಲ್ಲಿತು.
"ಹಾಗಾದರೆ ಫಲಕ ಇವಳದ್ದೇ! ಬನ್ನಿ, ನೋಡುವಿರಂತೆ."

ನೋಡುತ್ತಿದ್ದೇನೆ.
ಬೇರೊಂದರ ಬಳಿ ಬೀರ್ಬಾ ನಿಂತಳು,
ಮೂಗು ಮಣ್ಣಿಗೆ, ಉಸಿರು ಕಂತುಕಂತಾಗಿ.
ಇದೇ, ಇಲ್ಲೇ, ಅಗೆ! ನನ್ನೆದೆ ಕೂಗಿತು.
ಸೆಕೊಂಡೀನೊ ತೋಳು ಅಡ್ಡ ಹಿಡಿದ.
ಅವಳು ತಲೆಯೆತ್ತಿದಳು, ಮುಂದೆ ಹೋದಳು.

"ಕೆಳಗೆ ಇದೆ," ಪಿಸುಗುಟ್ಟಿದ. "ಇನ್ನೂ ಮಾಗಿಲ್ಲ."

ಓರೆಸ್ತೆ ನೆನಪಾದ.
ಕಡೆಯ ಬೆಂಚು, ವಿಭಕ್ತಿಗಳೆಲ್ಲ ತಪ್ಪು,
ಕೆಂಪು ಶಾಯಿಯಲ್ಲಿ ನಾನು ಬರೆದ ಆ ಒಂದು ಸಾಲು.
ಹದಿಮೂರು ವರ್ಷ ಅವನಿಗೆ.
ಮಾರನೆಯ ವಾರದಿಂದ ಬರಲಿಲ್ಲ.

ನೆಗಡಿಗೆ ಕಟ್ಟಿದ ಮೂಗು ಒರೆಸಿಕೊಂಡು
ನಾಯಿಯ ಹಿಂದೆ ನಡೆದೆ.