ಎರಡನೆಯ ಜೋಡಿ ತಂತಿ

ನಾನು ದರ್ಜಿ. ಕ್ಲಬ್ಬಿಗೆ ಬಂದದ್ದು
ಮೇಜಿನಂಚಿಗೆ ಕರಿಬಟ್ಟೆಯ ಪರದೆ ಹೊಲಿಯಲಿಕ್ಕೆ.
ಹಾಲ್ಬರ್‌ಷ್ಟಾಟಿನ ಹಳೆಯ ಗೂಡ್ಸ್ ಶೆಡ್ಡಿನ ನೆಲಮಾಳಿಗೆ,
ಗುರುವಾರ ಗುರುವಾರ ಏಳು ಮಂದಿ ಗಂಡಸರು,
ಎಂಬತ್ತೇಳರಲ್ಲೊಂದು ಪಾಲಿಗೆ ಕುಗ್ಗಿದ ಊರು.
ಪರದೆ ಮುಗಿಯಿತು. ಯಾರೋ ಅಂದರು:
"ಫ್ರಾವ್ ಟೀಟ್ಸೆ, ನಿಮ್ಮ ಬೆರಳು ನಡುಗುವುದಿಲ್ಲವಲ್ಲ."
ಹಾಗೆ ಪರದೆಯ ಈಚೆಗಿದ್ದವಳು
ಆಚೆ ಹೋದೆ, ಅಂಗಾತ ಮಲಗಿ.

ಅಡಿಯಿಂದ ನೋಡಿದರೆ ಊರು ಬೇರೆಯೇ.
ಚರ್ಚಿಲ್ಲ, ಮರವಿಲ್ಲ, ಬರೀ ಪ್ಲೈವುಡ್ಡಿನ ಆಕಾಶ,
ಜೋತುಬಿದ್ದ ಕೆಂಪು ಕಪ್ಪು ಎಳೆಗಳು.
ಕಸೂತಿಯ ಹಿಂಬದಿ ಇದು,
ಗಂಟೆಲ್ಲ ಇಲ್ಲೇ.

ಫೋಲ್ಕ್‌ಮಾರ್ ಹೇಳಿಕೊಟ್ಟ:
"ಈ ಪುಟ್ಟ ಪೆಟ್ಟಿಗೆ ಡಿಕೋಡರು.
ಪಾಯಿಂಟು ತಿರುಗಿಸುವುದು, ಗೇಟು ಎತ್ತುವುದು ಇದರ ಕೆಲಸ.
ಒಂದೇ ತಂತಿಯಲ್ಲಿ ಅನ್ನವೂ ಬರುತ್ತದೆ, ಅಪ್ಪಣೆಯೂ.
ಅಪ್ಪಣೆ ಎಲ್ಲರ ಕಿವಿಗೂ ಬೀಳುತ್ತದೆ,
ತನ್ನ ನಂಬರು ಕೇಳಿದವನೊಬ್ಬನೇ ಏಳುತ್ತಾನೆ,
ಉಳಿದವರು ಕೇಳಿಯೂ ಕೇಳದವರು."
ನನ್ನ ಗಂಡನ ಮನೆಯವರ ಹಾಗೆ, ಅಂದೆ.
ಅವನು ನಗಲಿಲ್ಲ.

"ಕರೆಂಟು ಎಲ್ಲಿಂದ ಎಳೆಯಲಿ?"
"ಹಳಿಯಿಂದಲೇ. ಹತ್ತಿರವಿದೆ, ತಂತಿ ಉಳಿಯುತ್ತದೆ."
ಮೂಲೆಯಲ್ಲಿ ಓರ್ಟ್‌ವಿನ್ ಕೆಮ್ಮಿದ.
ಮೂವತ್ತೊಂದು ವರ್ಷ ನಿಜವಾದ ಕ್ಯಾಬಿನ್ನಿನಲ್ಲಿ
ನಿಜವಾದ ಲಿವರು ಎಳೆದವನು;
ಬಲಭುಜ ಎಡಕ್ಕಿಂತ ಎರಡು ಬೆರಳು ಕೆಳಗೆ,
ಅವನ ಕೋಟಿನ ಅಳತೆ ತೆಗೆದವಳು ನಾನೇ.
"ನನ್ನ ಲಿವರು ಯಾವತ್ತೂ
ಇಂಜಿನ್ನಿನ ಹಂಗಿನಲ್ಲಿರಲಿಲ್ಲ," ಅಂದ.
ಅಷ್ಟೇ. ಆಮೇಲೆ ಇಬ್ಬರಿಗೂ ಮಾತಿಲ್ಲ,
ಸಕ್ಕರೆ ಡಬ್ಬಿಯನ್ನೂ ನನ್ನ ಮೂಲಕ ಕೇಳುತ್ತಿದ್ದರು.

ಅಕ್ಟೋಬರಿನ ಭಾನುವಾರ, ಊರವರಿಗೆ ಬಾಗಿಲು ತೆರೆದ ದಿನ.
ಮಕ್ಕಳು, ಪ್ಲಮ್ ಕೇಕು, ತೋಯ್ದ ಛತ್ರಿಗಳು.
ಕಲ್ಲಿದ್ದಲ ಗಾಡಿಯೊಂದು
ತನ್ನ ಕಡೆ ತಿರುಗಿರದ ಪಾಯಿಂಟಿಗೆ ಗಾಲಿಯಿಟ್ಟು
ಕೂಡಬಾರದ ಎರಡು ಹಳಿ ಕೂಡಿಸಿತು.
ಶಾರ್ಟು. ಎಲ್ಲ ಗಾಡಿಗಳೂ ನಿಂತಲ್ಲೇ ನಿಂತವು.
ಫೋಲ್ಕ್‌ಮಾರ್ ಗುಂಡಿ ಒತ್ತಿದ: ಹದಿನೇಳು.
ಮತ್ತೆ ಹದಿನೇಳು.
ಶಾರ್ಟು ಬಿಡದೆ ಪಾಯಿಂಟು ತಿರುಗದು,
ಪಾಯಿಂಟು ತಿರುಗದೆ ಶಾರ್ಟು ಬಿಡದು.
ಹುಚ್ಚಿನದೂ ಮದುವೆಯದೂ ಇದೇ ಕಥೆ.
ಕೊನೆಗೊಬ್ಬ ಹುಡುಗಿ ಕೈಚಾಚಿ
ಇಂಜಿನ್ನನ್ನು ಎತ್ತಿ ಪಕ್ಕಕ್ಕಿಟ್ಟಳು,
ಬೆರಳಲ್ಲಿ ಕೇಕಿನ ಸಕ್ಕರೆ.
ಓರ್ಟ್‌ವಿನ್ ಏನೂ ಅನ್ನಲಿಲ್ಲ.
ಅನ್ನದೇ ಇದ್ದದ್ದು ಎಲ್ಲರಿಗೂ ಕೇಳಿಸಿತು.

ಸೋಮವಾರ ಯಾರಿಗೂ ಹೇಳದೆ ಬಂದೆ.
ಪೆಟ್ಟಿಗೆಗಳನ್ನು ಒಂದೊಂದಾಗಿ ಹಳಿಯಿಂದ ಬಿಚ್ಚಿದೆ,
ಹೊಲಿಗೆ ಬಿಚ್ಚುವ ಹಾಗೆ, ಬಟ್ಟೆ ಹರಿಯದಂತೆ.
ಹಳದಿ, ಕಂದು: ಬೇರೆಯೇ ಒಂದು ಜೋಡಿ ಎಳೆದೆ
ಬೀರುವಿನಲ್ಲಿ ಸುಮ್ಮನಿದ್ದ ಎರಡನೆಯ ಬೂಸ್ಟರಿನಿಂದ.
ಅಪ್ಪಣೆ ಅದೇ, ಅನ್ನ ಮಾತ್ರ ಬೇರೆ ಒಲೆಯದು.
ಕರಗಿದ ತವರದ ಹನಿಯೊಂದು ತೋಳಿನ ಮೇಲೆ ಬಿತ್ತು.
ದರ್ಜಿಯ ತೋಳಲ್ಲೇ ತೂತು, ಇನ್ನೂ ಹೊಲಿದಿಲ್ಲ.

ಗುರುವಾರ ಓರ್ಟ್‌ವಿನ್
ಕೈಚೀಲದಿಂದ ನಾಣ್ಯವೊಂದು ತೆಗೆದು
ಬೇಕೆಂದೇ ಹಳಿಗಳ ಮೇಲೆ ಅಡ್ಡ ಇಟ್ಟ.
ಗಾಡಿಗಳೆಲ್ಲ ನಿಂತವು.
ಫೋಲ್ಕ್‌ಮಾರ್ ನನ್ನನ್ನು ನೋಡಿದ, ಗುಂಡಿಯನ್ನು ನೋಡಿದ.
ಹದಿನೇಳು.
ಠಕ್.

ಅವನು ಥರ್ಮಾಸಿನ ಮುಚ್ಚಳ ತಿರುವಿ
ಮೊದಲ ಕಪ್ಪನ್ನು ಓರ್ಟ್‌ವಿನ್ನನತ್ತ ಸರಿಸಿದ,
ಸಕ್ಕರೆ ಡಬ್ಬಿಯನ್ನೂ.

ನನ್ನದೊಂದು ತಪ್ಪು ಹಾಗೇ ಉಳಿದಿದೆ.
ಎರಡು ಪೆಟ್ಟಿಗೆಗೆ ಒಂದೇ ನಂಬರು ಕೊಟ್ಟಿದ್ದೇನೆ.
ಇಪ್ಪತ್ತೆರಡು ಎಂದಾಗ ಯಾರ್ಡಿನ ಪಾಯಿಂಟು ತಿರುಗುತ್ತದೆ,
ದೂರದ ಗುಡ್ಡದ ಹಿಂದೆ ಗೇಟೂ ಏಳುತ್ತದೆ.
ಯಾರೂ ಗಮನಿಸಿಲ್ಲ, ನಾನೂ ಹೇಳಿಲ್ಲ.
ಆ ಗೇಟಿನ ಬಳಿ ಸೈಕಲ್ಲು ಹಿಡಿದು
ಬೆರಳ ಗೆಣ್ಣಿನಷ್ಟು ಹೆಂಗಸೊಬ್ಬಳು ನಿಂತಿದ್ದಾಳೆ,
ಗೋಂದು ಹಚ್ಚಿ ನಿಲ್ಲಿಸಿದ ದಿನದಿಂದ.