ಅಳತೆ ಪುಸ್ತಕ

ಫೆಬ್ರವರಿ ಮುಗಿಯುವ ವಾರ.
ಎ.ಸಿ. ಇನ್ನೂ ಬೇಡ, ಸ್ವೆಟರ್ ಇನ್ನು ಬೇಡ.
ಅಂಗಡಿಯ ಬಾಗಿಲು ತೆರೆದೇ ಇಡುತ್ತೇನೆ;
ಮುಬಾರಕಿಯಾದ ಗಲ್ಲಿಯಿಂದ
ಏಲಕ್ಕಿ ಕಾಫಿಯ ಹಬೆ, ಒಂದು ಬೆಕ್ಕು, ಸ್ವಲ್ಪ ಮರಳು
ಕೇಳದೆಯೇ ಒಳಗೆ ಬರುತ್ತವೆ.

ಬೂದು, ಕಂದು, ಕಡುನೀಲಿ ಉಣ್ಣೆಯ ಥಾನುಗಳನ್ನು
ಮೇಲಿನ ಹಲಗೆಗೆ ಏರಿಸುವ ಕಾಲ.
ಬಿಳಿ ಕೆಳಗಿಳಿಯಬೇಕು.
ಈ ಊರಲ್ಲಿ ಮರ ಕಡಿಮೆ; ವಸಂತ
ಮೊದಲು ಗಂಡಸರ ಮೈಮೇಲೆ ಬರುತ್ತದೆ.
ಹೋದ ವರ್ಷದವರೆಗೂ ಏಣಿ ನಾನೇ ಹತ್ತುತ್ತಿದ್ದೆ.
ಈಗ ಶಫೀಕುಲ್ ಹತ್ತುತ್ತಾನೆ,
ನಾನು ಏಣಿಯ ಕಾಲು ಹಿಡಿದು ನಿಂತು
ಬೇಕಾದ್ದಕ್ಕಿಂತ ಹೆಚ್ಚು ಸಲಹೆ ಕೊಡುತ್ತೇನೆ.

ಸೂಜಿಗೆ ದಾರವನ್ನೂ ಅವನೇ ಪೋಣಿಸಿಡುತ್ತಾನೆ.
ಬೆಳಿಗ್ಗೆ ಬಂದಾಗ ಮೇಜಿನ ಸ್ಪಂಜಿನ ಮೇಲೆ
ಹನ್ನೆರಡು ಸೂಜಿ, ಹನ್ನೆರಡು ಬಿಳಿ ಬಾಲ.
ಅವನು ಹೇಳುವುದಿಲ್ಲ, ನಾನು ಕೇಳುವುದಿಲ್ಲ.

ಟೆನ್ಶನ್ ಬಿಡಿ ಕಾಕಾ, ಎಂದಳು ಕ್ಲಿನಿಕ್ಕಿನ ಡಾಕ್ಟರಮ್ಮ,
ಹಲ್ಲಲ್ಲಿ ಕಚ್ಚಿ ಉಗಿಯುವ ದಾರದ ತುದಿಯೇನೋ ಎಂಬಂತೆ.
ತೋಳಿಗೆ ಪಟ್ಟಿ ಸುತ್ತಿ, ಉಬ್ಬಿಸಿ, ಬಿಗಿದು
ಅಂಕಿ ಬರೆದುಕೊಂಡಳು.
ನಲವತ್ತು ವರ್ಷ ಇನ್ನೊಬ್ಬರ ತೋಳು ಅಳೆದವನಿಗೆ
ಅಂದು ಗೊತ್ತಾಯಿತು,
ಅಳೆಸಿಕೊಳ್ಳುವಾಗ ಎಲ್ಲರೂ ಯಾಕೆ ಉಸಿರು ಹಿಡಿಯುತ್ತಾರೆಂದು.

ರಾತ್ರಿ ಮೂರಕ್ಕೆ ಎಚ್ಚರ.
ಅಂಗಡಿ ಬಾಡಿಗೆ, ಇಖಾಮದ ಮೇಲಿನ ವಯಸ್ಸು,
ಈದಿನೊಳಗೆ ಮುಗಿಯಬೇಕಾದ ಎಂಬತ್ತೇಳು ಅಂಗಿ,
ಉಳ್ಳಾಲದಲ್ಲಿ ಮಿಸ್ರಿಯಾಳ ಮೊಣಕಾಲು,
ಎಲ್ಲವೂ ಗೋಡೆ ಬದಿಯ ಮಂಚಕ್ಕೆ ಬಂದು
ನನಗಿಂತ ಮೊದಲೇ ಚಾದರ ಎಳೆದುಕೊಂಡಿರುತ್ತವೆ.
ಇನ್ನೆಷ್ಟು? ಅಂತ ಅವಳು ಫೋನಿನಲ್ಲಿ ಕೇಳುತ್ತಾಳೆ.
ಇಂಚಿನಲ್ಲೋ ವರ್ಷದಲ್ಲೋ, ಎನ್ನುತ್ತೇನೆ.
ನಗುವುದಿಲ್ಲ.

ಮಂಗಳವಾರ ಬೂ ಮಿಶಾರಿ ಬಂದ.
ಇಪ್ಪತ್ತಾರು ವರ್ಷದ ಗಿರಾಕಿ.
ಮರುಭೂಮಿಯ ಡೇರೆಯಿಂದ ನೇರ ಬಂದದ್ದು; ಚಪ್ಪಲಿಯ ಪಟ್ಟಿಗೆ
ಸಿಕ್ಕಿಕೊಂಡಿತ್ತು ಒಂದು ಹಳದಿ ಅರ್ಫಜ್ ಹೂ.
ಪೊಟ್ಟಣದಲ್ಲಿ ಮಣ್ಣುಂಡೆಯಂಥದ್ದೇನೋ:
ಫಗಾ. ಗುಡುಗು ಕೇಳಿದರೆ ಮರಳೊಳಗೆ ಹುಟ್ಟುತ್ತದಂತೆ.
ನಮ್ಮಲ್ಲೂ ಹಾಗೇ, ಎಂದೆ,
ಮೊದಲ ಗುಡುಗಿಗೆ ಗುಡ್ಡದಲ್ಲಿ ಕಲ್ಲಣಬೆ.
ಅಷ್ಟು ಅರಬ್ಬಿ ನನಗೆ ಬರುತ್ತದೆ.
ಬಾರದ್ದಕ್ಕೆ ಕೈಯಿತ್ತು, ಬಾಯಿತ್ತು;
ಇಬ್ಬರು ಮುದುಕರು ಸ್ವಲ್ಪ ಹೊತ್ತು
ಒಬ್ಬರಿಗೊಬ್ಬರು ಗುಡುಗಿ ತೋರಿಸಿದೆವು.

ಟೇಪು ಹಿಡಿದೆ, ಹೆಗಲಿನಿಂದ ಹರಡಿಗೆ.
ಪುಸ್ತಕ ತೆಗೆದೆ. ಅವನ ಪುಟದಲ್ಲಿ
ಒಂದರ ಕೆಳಗೊಂದು ನನ್ನದೇ ಅಕ್ಷರ,
ಬರಬರುತ್ತ ದೊಡ್ಡದಾದ ಅಕ್ಷರ:
ಅರವತ್ತು. ಅರವತ್ತು. ಐವತ್ತೊಂಬತ್ತೂವರೆ.
ಹೋದ ವರ್ಷ ಐವತ್ತೆಂಟೂವರೆ.
ಇವತ್ತು ಐವತ್ತೇಳು.
ನಾಲಗೆಗೆ ಬಂದದ್ದನ್ನು ನುಂಗಿಕೊಂಡೆ.
ಅವನು ಕನ್ನಡಿಯ ಕಡೆಗೇ ನೋಡುತ್ತ
‘ಹೋದ ವರ್ಷದ್ದೇ ಬರಿ, ಖಯ್ಯಾತ್’ ಎಂದ.

ಬರೆದೆ.
ಕತ್ತರಿಸುವಾಗಲೂ ಅದೇ ಅಳತೆ.
ಹೆಚ್ಚಾದ ಒಂದೂವರೆ ಇಂಚನ್ನು
ಕೆಳಗಿನ ಮಡಿಕೆಯೊಳಗೆ ಇಟ್ಟು ಹೊಲಿದೆ.
ಯಾರಿಗೂ ಕಾಣದು. ಇದೆ, ಅಷ್ಟೆ.

ಸಂಜೆ ಶಟರ್ ಅರ್ಧ ಎಳೆದು
ಅಳೆ ನೋಡುವ ನನ್ನನ್ನು, ಎಂದೆ ಶಫೀಕುಲ್‌ಗೆ.
ಅವನು ಹೆಗಲಿಗೆ ಟೇಪು ಒತ್ತಿ, ಮಂಡಿಯೂರಿ,
ತುಂಬ ಹೊತ್ತು ಮೇಲೇಳಲಿಲ್ಲ.
ಎಷ್ಟು?
‘ಮೊದಲು ಎಷ್ಟಿತ್ತು ಉಸ್ತಾದ್?’
ನಕ್ಕುಬಿಟ್ಟೆ. ಕೆಲಸ ಕಲಿತಿದ್ದಾನೆ ಹುಡುಗ.

ಫಗಾ ಬೇಯಿಸಿದೆವು. ಉಪ್ಪು ಹಾಕಿಯೇ, ಒಂದು ಚಿಟಿಕೆ.
ನಾಲ್ಕು ಸಲ ತೊಳೆದರೂ ಹಲ್ಲಿನಡಿ ಕರಕರ.
ಕಲ್ಲಣಬೆಯೂ ಹೀಗೇ, ಎನ್ನಲು ಹೋದೆ;
ಬಂಗಾಳಿಯಲ್ಲಿ ಅದಕ್ಕೇನೆನ್ನುತ್ತಾರೋ.

ಮೂರಕ್ಕೆ ಮತ್ತೆ ಎಚ್ಚರ.
ಕಿಟಕಿ ತೆರೆದಿತ್ತು.
ದೂರದಲ್ಲಿ ಏನೋ ಉರುಳಿತು, ಗುಡುಗೋ,
ಬಂದರಿನಲ್ಲಿ ಕಂಟೇನರೋ.
ಎದ್ದು ನೋಡಲಿಲ್ಲ.